ಎಡಗೈಯ ಉಸಿರು

ಗುರುಗ್ರಾಮದ ನಮ್ಮ ಬಾಡಿಗೆ ಮನೆಯಲ್ಲಿ ಎರಡು ವಾದ್ಯಗಳಿವೆ. ಒಂದು ಮಗಳ ಡಿಜಿಟಲ್ ಪಿಯಾನೋ. ಕಂತಿನಲ್ಲಿ ಕೊಂಡದ್ದು. ಅವಳು ಹೆಡ್‌ಫೋನ್ ಹಾಕಿಕೊಂಡು ಕೂತರೆ ನಮಗೆ ಬೆರಳು ಬೀಳುವ ಟಪ್ ಟಪ್ ಸದ್ದು ಬಿಟ್ಟು ಏನೂ ಕೇಳುವುದಿಲ್ಲ. ಇನ್ನೊಂದು ನನ್ನ ತಾಯಿಯ ತಂದೆ ನುಡಿಸುತ್ತಿದ್ದ ಹಾರ್ಮೋನಿಯಂ. ನಮ್ಮ ಬೆಳಗಾವಿ ಕಡೆ ಅದನ್ನು ಪೇಟಿ ಅನ್ನುತ್ತಾರೆ. ಅವ್ವ ತೀರಿಕೊಂಡ ವರ್ಷ ಅದನ್ನು ಎರಡು ಕೌದಿಯಲ್ಲಿ ಸುತ್ತಿ, ಗೋವಾ ಎಕ್ಸ್‌ಪ್ರೆಸ್ಸಿನಲ್ಲಿ ಸೀಟಿನ ಕೆಳಗಿಟ್ಟುಕೊಂಡು ನಿಜಾಮುದ್ದೀನ್‌ವರೆಗೆ ತಂದಿದ್ದೆ.

ಬರುವ ತಿಂಗಳು ಇದಕ್ಕಿಂತ ಚಿಕ್ಕ ಮನೆಗೆ ಹೋಗುತ್ತಿದ್ದೇವೆ. ಹೆಂಡತಿ ಅಳತೆ ಟೇಪು ಹಿಡಿದು ನೋಡಿ ಹೇಳಿದಳು: “ಎರಡೂ ಇಡಾಕ ಅಲ್ಲಿ ಜಾಗ ಇಲ್ಲ. ಪೇಟಿ ಯಾರಾದರೂ ಕಲಿಯೋರಿಗೆ ಕೊಟ್ಟುಬಿಡೂಣು.” ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಅದೇ ಸಂಜೆ ಮಗಳು ಹೆಡ್‌ಫೋನ್ ತೆಗೆದು, ತಾನು ಕಲಿಯುತ್ತಿದ್ದ ಹೊಸ ಪಾಠವನ್ನು ನಮಗೂ ಕೇಳುವಂತೆ ನುಡಿಸಿದಳು. ಅಲ್ಲಿಂದ ಶುರುವಾಯಿತು ಈ ಬರಹ.

ಅವಳು ನುಡಿಸಿದ್ದು ಜಪಾನಿನ ರ್‍ಯೂಇಚಿ ಸಕಮೊಟೊ ಅವರ ‘ಎನರ್ಜಿ ಫ್ಲೋ’. ದಣಿವು ಕಳೆಯುವ ಟಾನಿಕ್‌ನಂಥ ಒಂದು ಉತ್ಪನ್ನದ ಟಿವಿ ಜಾಹೀರಾತಿಗಾಗಿ ಬರೆದ ಪುಟ್ಟ ರಚನೆ ಅದು. ಮಾತಿಲ್ಲ, ಹಾಡುವವರಿಲ್ಲ, ಬರೀ ಪಿಯಾನೋ. ಅಂಥದ್ದು 1999ರಲ್ಲಿ ಜಪಾನಿನ ಜನಪ್ರಿಯ ಸಂಗೀತದ ಓರಿಕಾನ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಹಾಡೇ ಇಲ್ಲದ ರಚನೆಯೊಂದು ಅಲ್ಲಿಗೆ ಏರಿದ್ದು ಅದೇ ಮೊದಲು. ಕಚೇರಿಯಿಂದ ಸೋತು ಬಂದ ಒಂದು ಇಡೀ ದೇಶ ಅದನ್ನು ಹಾಡಿನಂತೆಯೇ ಕೇಳಿತು. ಸೈಬರ್ ಸಿಟಿಯಿಂದ ಒಂದೂವರೆ ತಾಸು ಟ್ರಾಫಿಕ್ಕಿನಲ್ಲಿ ಕೂತು ಬಂದಿದ್ದ ನನಗೂ ಅದು ಹಾಡಿನಂತೆಯೇ ಕೇಳಿತು.

ನುಡಿಸಿ ಮುಗಿಸಿದ ಮಗಳು ಮೂಲೆಯ ಪೇಟಿ ತೋರಿಸಿ ಕೇಳಿದಳು: “ಅಪ್ಪಾ, ಅದೂ ಕೀಬೋರ್ಡೇ ಅಲ್ವಾ? ಅದನ್ನ ರೇಡಿಯೋದಲ್ಲಿ ಬ್ಯಾನ್ ಮಾಡಿದ್ರು ಅಂತ ಹೇಳಿದ್ದಿಯಲ್ಲ, ಯಾಕೆ?”

ಹಾರ್ಮೋನಿಯಮ್ಮಿನ ಮೇಲೆ ನಿಷೇಧ ಬಿದ್ದದ್ದು ಇದೇ ದೆಹಲಿಯಲ್ಲಿ. ಆ ಕಥೆಗೆ ಹೋಗುವ ಮೊದಲು ಜಪಾನಿನ ಇನ್ನೊಂದು ಕಥೆ ಹೇಳಬೇಕು. ಯಾಕೆಂದರೆ ಅವಳ ಪಿಯಾನೋ ಮತ್ತು ನನ್ನ ಪೇಟಿ ದೂರದ ದಾಯಾದಿಗಳು.

1887ರಲ್ಲಿ ಹಮಾಮತ್ಸು ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ ಹೊರದೇಶದಿಂದ ತರಿಸಿದ್ದ ರೀಡ್ ಆರ್ಗನ್ ಕೆಟ್ಟಿತು. ತಿದಿಯ ಗಾಳಿಗೆ ಹಿತ್ತಾಳೆಯ ನಾಲಿಗೆಗಳು ಮಿಡಿದು ಸ್ವರ ಹೊರಡಿಸುವ ಪೆಟ್ಟಿಗೆ ಅದು. ನಮ್ಮ ಹಾರ್ಮೋನಿಯಮ್ಮಿನ ತಾತ್ವಿಕತೆಯೂ ಅದೇ. ಅದನ್ನು ರಿಪೇರಿ ಮಾಡಲು ಕರೆದದ್ದು ವೈದ್ಯಕೀಯ ಉಪಕರಣ ದುರಸ್ತಿ ಮಾಡುತ್ತಿದ್ದ ತೊರಾಕುಸು ಯಮಾಹಾ ಎಂಬವರನ್ನು. ರಿಪೇರಿ ಮಾಡಿದವರು, ಇದನ್ನು ನಾವೇ ಮಾಡಬಹುದಲ್ಲ ಎಂದು ಇನ್ನೊಬ್ಬ ಕುಶಲಕರ್ಮಿಯನ್ನು ಜೊತೆಗಿಟ್ಟುಕೊಂಡು ಒಂದು ಆರ್ಗನ್ ಮಾಡಿಯೇಬಿಟ್ಟರು. ಇಬ್ಬರೂ ಅದನ್ನು ಬೊಂಬಿಗೆ ಕಟ್ಟಿ, ಹೆಗಲ ಮೇಲೆ ಹೊತ್ತು, ಹಕೋನೆ ಬೆಟ್ಟ ದಾಟಿ ಟೋಕಿಯೋದ ಸಂಗೀತ ಶಾಲೆಗೆ ಒಯ್ದರು. ಅಲ್ಲಿ ಸಿಕ್ಕ ತೀರ್ಪು: ಆಕಾರ ಚೆನ್ನಾಗಿದೆ, ಶ್ರುತಿ ಸರಿಯಿಲ್ಲ. ಆದರೆ ಶಾಲೆಯ ಮುಖ್ಯಸ್ಥರಾಗಿದ್ದ ಶುಜಿ ಇಸಾವಾ ಅವರನ್ನು ಹಾಗೆಯೇ ಕಳಿಸಲಿಲ್ಲ. ಅಲ್ಲೇ ಇದ್ದು ಶ್ರುತಿಯ ವಿದ್ಯೆ ಕಲಿಯಲು ಅವಕಾಶ ಕೊಟ್ಟರು. ಕಲಿತು ಹೋಗಿ ಮಾಡಿದ ಎರಡನೆಯ ಆರ್ಗನ್ ಪಾಸಾಯಿತು. 1897ರಲ್ಲಿ ಅದು ಕಂಪನಿಯಾಯಿತು, 1900ರಲ್ಲಿ ಪಿಯಾನೋ ತಯಾರಿಸಿತು. ಗ್ರೇಟರ್ ನೋಯ್ಡಾದ ಸೂರಜ್‌ಪುರದಲ್ಲಿ ಅದೇ ಹೆಸರಿನ ಬೈಕ್ ಕಾರ್ಖಾನೆಯಿದೆ. ಆ ಬೈಕಿನ ಟ್ಯಾಂಕಿನ ಮೇಲಿನ ಗುರುತನ್ನು ಗಮನಿಸಿ: ಶ್ರುತಿ ನೋಡುವ ಮೂರು ಕವೆಗೋಲುಗಳು. ಒಂದು ಕಾಲಕ್ಕೆ ‘ಶ್ರುತಿ ಸರಿಯಿಲ್ಲ’ ಅನ್ನಿಸಿಕೊಂಡವರ ಲಾಂಛನ ಅದು.

ಅದೇ ಹೊತ್ತಿಗೆ ನಮ್ಮಲ್ಲೂ ಅದೇ ಪೆಟ್ಟಿಗೆ ಬಂದಿತ್ತು. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆಂ 1840ರ ದಶಕದಲ್ಲಿ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದದ್ದು, ಪಾದ್ರಿಗಳ ಜೊತೆ, ಸಾಹೇಬರ ಸಾಮಾನಿನ ಜೊತೆ ಹಡಗು ಹತ್ತಿ ಇಲ್ಲಿಗೂ ಬಂತು. ಕುರ್ಚಿಯ ಮೇಲೆ ಕೂತು ಕಾಲಿನಿಂದ ತಿದಿಯೊತ್ತುವ ವಾದ್ಯ ಅದು. ಕಲ್ಕತ್ತೆಯಲ್ಲಿ ದ್ವಾರ್ಕಿನ್ ಕಂಪನಿಯ ದ್ವಾರಕಾನಾಥ ಘೋಷರು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದರ ಕಾಲು ತೆಗೆದು, ತಿದಿಯನ್ನು ಬೆನ್ನಿಗೆ ಕೂರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾಡಿದರು. ಬದಲಾವಣೆ ಚಿಕ್ಕದು, ಪರಿಣಾಮ ದೊಡ್ಡದು. ಒಂದು ಕೈ ಪೂರ್ತಿಯಾಗಿ ಗಾಳಿಗೇ ಮೀಸಲಾಯಿತು. ಪಾಶ್ಚಾತ್ಯರಂತೆ ಎರಡೂ ಕೈಯಲ್ಲಿ ಸ್ವರಮೇಳ ಕಟ್ಟುವ ದಾರಿ ಮುಚ್ಚಿ, ಒಂದೇ ಎಳೆಯ ಹಾಡಿನ ದಾರಿ ತೆರೆಯಿತು.

ಪಿಯಾನೋ ನಮಗೆ ಅರಮನೆಯ ಮಾತಾಗಿತ್ತು. ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋದಲ್ಲಿ ಪದವಿ ಪಡೆದವರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್‌ ಅವರ ರಚನೆಗಳು ಅವರ ಕೈಯಿಂದಲೇ ಧ್ವನಿಮುದ್ರಣವಾಗಲು 1940ರ ದಶಕದ ಕೊನೆಗೆ ಹಣ ಕೊಟ್ಟವರು. ಆದರೆ ಮೈಸೂರಿನ ಓಣಿಗಳಿಗೆ, ಹುಬ್ಬಳ್ಳಿ–ಬೆಳಗಾವಿಯ ಸಂತೆಪೇಟೆಗಳಿಗೆ ಪಿಯಾನೋ ಇಳಿಯಲಿಲ್ಲ. ಇಳಿದದ್ದು ಪೇಟಿ. ಕಂಪನಿ ನಾಟಕದ ರಂಗದ ಮುಂದೆ ಕಾಲು ಪೇಟಿ, ಭಜನೆಯಲ್ಲಿ, ಕೀರ್ತನೆಯಲ್ಲಿ, ಮನೆಯ ಪಡಸಾಲೆಯಲ್ಲಿ ಕೈ ಪೇಟಿ. ಅಜ್ಜ ಅಂಥ ನಾಟಕದ ಕಂಪನಿಗಳಲ್ಲಿ ಪೇಟಿ ಮಾಸ್ತರನಾಗಿದ್ದವನು.

ಇನ್ನು ದೆಹಲಿಯ ಕಥೆ. ಸಿವಿಲ್ ಲೈನ್ಸ್ ಮೆಟ್ರೋ ಇಳಿದರೆ ಆಲಿಪುರ ರಸ್ತೆ. ಅಲ್ಲಿನ 18ನೇ ನಂಬರಿನ ಬಂಗಲೆಯಿಂದ 1936ರ ಜನವರಿ 1ರಂದು ದೆಹಲಿ ರೇಡಿಯೋ ಮಾತಾಡಲು ಶುರುಮಾಡಿತು. ಬಿಬಿಸಿಯಿಂದ ಬಂದಿದ್ದ ಲಯನೆಲ್ ಫೀಲ್ಡನ್ ಅದರ ಮುಖ್ಯಸ್ಥ. ಪಾಶ್ಚಾತ್ಯ ಸಂಗೀತದ ವಿಭಾಗಕ್ಕೆ ಬಂದವರು ಮ್ಯಾಂಚೆಸ್ಟರಿನ ಜಾನ್ ಫೌಲ್ಡ್ಸ್. ಇವರೇ 1938ರಲ್ಲಿ ಹಾರ್ಮೋನಿಯಮ್ಮಿನ ಮೇಲೆ ಆರೋಪಪಟ್ಟಿಯಂಥ ಲೇಖನ ಬರೆದವರು. ಅವರ ಮತ್ತು ಅವರಂಥ ಇತರರ ಆಕ್ಷೇಪಗಳನ್ನು ಸೋಸಿದರೆ ಮೂರು ಉಳಿಯುತ್ತವೆ. ಒಂದು, ಸ್ವರ ಬಾಗುವುದಿಲ್ಲ. ಮೀಂಡ್ ಇಲ್ಲ, ಗಮಕ ಇಲ್ಲ. ಎರಡು, ಅದರ ಹನ್ನೆರಡು ಸ್ವರಗಳ ಸಮಪಾಲು ನಮ್ಮ ಶ್ರುತಿಗಳಿಗೆ ಹೊಂದುವುದಿಲ್ಲ. ಮೂರು, ಅದು ಪರದೇಶದ್ದು.

ಫೌಲ್ಡ್ಸ್ ನಮ್ಮ ಸಂಗೀತವನ್ನು ಪ್ರೀತಿಸಿದವರು, ಅದರಲ್ಲಿ ಅನುಮಾನವಿಲ್ಲ. ದೇಶಿ ವಾದ್ಯಗಳ ಒಂದು ವೃಂದವನ್ನೂ ಅವರು ಕಟ್ಟಿದ್ದರು. ಆದರೆ ಅವರದೇ ಒಂದು ಕೃತಿ ನನ್ನನ್ನು ಯೋಚನೆಗೆ ಹಚ್ಚಿತು. ‘ಎಸ್ಸೇಸ್ ಇನ್ ದಿ ಮೋಡ್ಸ್’ ಎಂಬುದು 1920ರ ದಶಕದಲ್ಲಿ ಅವರು ಪಿಯಾನೋ ಒಂದಕ್ಕೇ ಬರೆದ ರಚನೆಗಳ ಗುಚ್ಛ. ಪ್ರತಿ ರಚನೆಯೂ ಆಯ್ದ ಏಳೇ ಸ್ವರಗಳಲ್ಲಿ ನಡೆಯುತ್ತದೆ, ಹೊರಗಿನ ಸ್ವರವನ್ನು ಮುಟ್ಟುವುದಿಲ್ಲ. ನಮ್ಮ ಮೇಳಕರ್ತಗಳಿಗೆ ತೀರಾ ಹತ್ತಿರದ ಕ್ರಮ. ಬಾಗದ ಪಿಯಾನೋದಿಂದ ರಾಗದಂಥದ್ದನ್ನು ಹೊರಡಿಸಲು ಹೊರಟ ಮನುಷ್ಯನೇ, ಬಾಗದ ಪೇಟಿಯಿಂದ ರಾಗ ಹೊರಡದು ಎಂದದ್ದು ವಿಚಿತ್ರ. ಅವರು 1939ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದಿಂದ ತೀರಿಕೊಂಡರು. ನಿಷೇಧ ನೋಡಲು ಉಳಿಯಲಿಲ್ಲ.

1940ರ ಜನವರಿಯಲ್ಲಿ ರವೀಂದ್ರನಾಥ ಠಾಕೂರರು ಕಲ್ಕತ್ತೆಯ ರೇಡಿಯೋ ಕೇಂದ್ರಕ್ಕೆ ಪತ್ರ ಬರೆದು ಈ ವಾದ್ಯದ ವಿರುದ್ಧ ನಿಂತರು. ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋದ ಎಲ್ಲ ಸ್ಟುಡಿಯೋಗಳಿಂದ ಹಾರ್ಮೋನಿಯಂ ಹೊರಬಿತ್ತು. ಬ್ರಿಟಿಷರು ಹೋದರು, ನಿಷೇಧ ಹೋಗಲಿಲ್ಲ. 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಸ್ವತಃ ಸಂಗೀತ ಬಲ್ಲವರು. ಸಿನಿಮಾ ಹಾಡನ್ನೇ ದೂರವಿಟ್ಟವರು ಪೇಟಿಯನ್ನು ಒಳಗೆ ಬಿಡುವ ಮಾತೇ ಇರಲಿಲ್ಲ. ಅಷ್ಟರಲ್ಲಿ ಆಕಾಶವಾಣಿ ಸಂಸತ್ ಮಾರ್ಗದ ದೊಡ್ಡ ಕಟ್ಟಡಕ್ಕೆ ಬಂದಾಗಿತ್ತು.

ಇದರಲ್ಲಿ ಎಲ್ಲವೂ ಕೇಡಲ್ಲ ಎಂಬುದನ್ನೂ ಹೇಳಬೇಕು. ಪೇಟಿ ಬಂದ ಮೇಲೆ ಗಾಯಕರ ಪಕ್ಕದಿಂದ ಎದ್ದುಹೋಗುತ್ತಿದ್ದ ಸಾರಂಗಿಯವರಿಗೆ ರೇಡಿಯೋ ನೌಕರಿ ಕೊಟ್ಟಿತು. ಆ ವಾದ್ಯ ಇವತ್ತಿಗೂ ಉಳಿದಿದ್ದರೆ ಅದರಲ್ಲಿ ಆ ಸಂಬಳದ ಪಾಲೂ ಇದೆ.

ಅಜ್ಜನಿಗೆ ಈ ಹೆಸರುಗಳ್ಯಾವುವೂ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಧಾರವಾಡದ ರೇಡಿಯೋದಾಗ ಎಲ್ಲಾ ಐತಿ, ಪೇಟಿ ಇಲ್ಲ. 1950ರಲ್ಲಿ ಶುರುವಾದ ಧಾರವಾಡ ಕೇಂದ್ರದಲ್ಲಿ ದೊಡ್ಡ ದೊಡ್ಡವರು ಹಾಡುತ್ತಿದ್ದರು. ಅದೇ ಗಾಯಕರು ಊರ ಜಾತ್ರೆಗೆ, ಮಠದ ಕಾರ್ಯಕ್ರಮಕ್ಕೆ ಬಂದರೆ ಪಕ್ಕದಲ್ಲಿ ಪೇಟಿ ಇರುತ್ತಿತ್ತು. ರೇಡಿಯೋದಲ್ಲಿ ಆ ಜಾಗ ಖಾಲಿ. ಅವ್ವ ಹೇಳುತ್ತಿದ್ದ ಕಥೆ: ಅರವತ್ತರ ದಶಕದಲ್ಲಿ ಊರ ಗೌಡರ ಮನೆಯಲ್ಲಿ ರೇಡಿಯೋ ಇತ್ತು. ರಾತ್ರಿ ಗಾಯನವಿದ್ದರೆ ಅಜ್ಜ ಪೇಟಿ ಹೊತ್ತುಕೊಂಡು ಹೋಗಿ ರೇಡಿಯೋದ ಎದುರು ಕೂರುತ್ತಿದ್ದ. ಹಾಡುವವರ ಷಡ್ಜ ಕರಿ ಎರಡೋ ಬಿಳಿ ನಾಲ್ಕೋ ಎಂದು ಒಂದು ಕ್ಷಣ ಕಿವಿಗೊಟ್ಟು ಹಿಡಿದು, ರೇಡಿಯೋಕ್ಕೆ ಸಾಥ್ ಕೊಡಲು ಶುರುಮಾಡುತ್ತಿದ್ದ. ಅವರು ಆಲಾಪ ಮಾಡಿದರೆ ಇವನು ಹಿಂದೆ ಹಿಂದೆ, ಅವರು ಉಸಿರು ತಗೊಂಡರೆ ಆ ಸಂದಿಯಲ್ಲಿ ಇವನು ಒಂದು ತುಣುಕು. ಗೌಡರ ಪಡಸಾಲೆಯಲ್ಲಿ ಕೂತ ಮಂದಿಗೆ ಪೂರ್ತಿ ಕಚೇರಿ ಸಿಗುತ್ತಿತ್ತು. ಹಾಡಿದವರಿಗೆ ಮಾತ್ರ ತಮಗೆ ಸಾಥ್ ಕೊಟ್ಟವನೊಬ್ಬ ಇದ್ದಾನೆ ಎಂದು ಎಂದೂ ಗೊತ್ತಾಗಲಿಲ್ಲ. ಅವ್ವ ಇದನ್ನು ನಗುತ್ತ ಹೇಳುತ್ತಿದ್ದಳು. ನನಗೆ ಈ ವಯಸ್ಸಿನಲ್ಲಿ ನಗು ಬರುವುದಿಲ್ಲ.

ಹಾಗಾದರೆ ಆರೋಪಗಳು ಸುಳ್ಳೇ? ಅಲ್ಲ. ಪೇಟಿಯ ಗಾಂಧಾರ ಬಾಗುವುದಿಲ್ಲ. ದರಬಾರಿಯ ಆಂದೋಲನ ಅದರಲ್ಲಿ ಬರುವುದಿಲ್ಲ. ಅಜ್ಜನೂ ಇದನ್ನು ಒಪ್ಪುತ್ತಿದ್ದ. ಆದರೆ ವಾದ್ಯಕ್ಕೆ ಏನು ಬರುವುದಿಲ್ಲ ಎಂದು ಲೆಕ್ಕ ಹಾಕುವುದು ಕಚೇರಿಯ ಕೆಲಸ. ಬರದಿರುವುದರ ಸುತ್ತ ಹಾದಿ ಹುಡುಕುವುದು ನುಡಿಸುವವನ ಕೆಲಸ. ಆ ಕೆಲಸ ದೊಡ್ಡದಾಗಿ ನಡೆದದ್ದು ನಮ್ಮ ಸೀಮೆಯಲ್ಲಿ. ಮರಾಠಿ ರಂಗಭೂಮಿಯ ಗೋವಿಂದರಾವ್ ಟೇಂಬೆ (1881–1955) ಪೇಟಿಯನ್ನು ಸಾಥ್ ವಾದ್ಯದಿಂದ ಎತ್ತಿ ಸ್ವತಂತ್ರವಾಗಿ ನುಡಿಸಿ ತೋರಿಸಿದವರಲ್ಲಿ ಮೊದಲಿಗರು. ಅದೇ ಗಾಳಿ ಬೆಳಗಾವಿಗೂ ಬೀಸಿತು. ಬೆಳಗಾವಿಯ ರಾಮಭಾವು ಬಿಜಾಪುರೆ (1917–2010) ಊರಲ್ಲೇ ಇದ್ದುಕೊಂಡು, ಎರಡು ಮೂರು ತಲೆಮಾರಿನ ಗಾಯಕರಿಗೆ ಸಾಥ್ ಕೊಟ್ಟು, ನೂರಾರು ಮಕ್ಕಳಿಗೆ ಕಲಿಸಿ, ಪೇಟಿಯೊಂದನ್ನೇ ಮುಂದಿಟ್ಟುಕೊಂಡು ರಾಗ ಬಿಡಿಸುತ್ತಿದ್ದರು. ಅವರ ಬದುಕಿನ ನಡುವಿನ ಮೂರು ದಶಕ ಪೂರ್ತಿ ನಿಷೇಧದೊಳಗೇ ಕಳೆದವು ಎಂಬುದನ್ನು ನೆನೆಸಿಕೊಂಡರೆ ಆ ಸಾಧನೆಯ ತೂಕ ತಿಳಿಯುತ್ತದೆ.

ಆ ಹಾದಿ ಯಾವುದು? ಮೊದಲನೆಯದು ಕಣ್‌ಸ್ವರ. ಗಾಂಧಾರಕ್ಕೆ ಇಳಿಯುವ ಮೊದಲು ಮಧ್ಯಮವನ್ನು ಬೆರಳು ಹೀಗೆ ಸವರಿ ಹೋಗುತ್ತದೆ. ಕಿವಿ ಎರಡರ ನಡುವೆ ತಾನೇ ಗೆರೆ ಎಳೆದುಕೊಳ್ಳುತ್ತದೆ. ಎರಡನೆಯದು ಶ್ರುತಿ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಬಲ್ಲವರು ತಮ್ಮ ಷಡ್ಜಕ್ಕೆ ತಂಬೂರಿಯ ಗಾಂಧಾರ ಕೂಡುವಂತೆ ಕೆರೆಸಿಕೊಳ್ಳುತ್ತಾರೆ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇನ್ನೂ ಮುಂದೆ ಹೋಗಿ, ಇ. ಕ್ಲೆಮೆಂಟ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಜೊತೆಗೂಡಿ, 22 ಶ್ರುತಿಗಳ ಹಾರ್ಮೋನಿಯಮ್ಮನ್ನೇ ಮಾಡಿಸಿದ್ದರು. ಅದೂ ನಿಷೇಧಕ್ಕಿಂತ ಸುಮಾರು ಕಾಲು ಶತಮಾನ ಮೊದಲು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಎಡಗೈ. ನಾನು ಹುಡುಗನಾಗಿದ್ದಾಗ ಬಲಗೈ ಬೆರಳುಗಳನ್ನೇ ನೋಡುತ್ತ ಕೂತಿದ್ದರೆ ಅಜ್ಜ ಗದರುತ್ತಿದ್ದ: “ಅಲ್ಲೇನ ನೋಡತಿ? ಬಲಗೈ ಮಾತಾಡತೈತಿ, ಎಡಗೈ ಉಸುರಾಡತೈತಿ. ಉಸುರಿಲ್ಲಂದ್ರ ಮಾತೆಲ್ಲಿಂದ ಬರಬೇಕು?” ತಿದಿಯನ್ನು ಒಂದೇ ಸಮ ಒತ್ತಿದರೆ ಪೇಟಿ ಕಿರುಚುತ್ತದೆ. ಸ್ವರದ ಮೇಲೆ ಬೆರಳಿಟ್ಟು, ಗಾಳಿಯನ್ನು ಸಣ್ಣಗೆ ಶುರುಮಾಡಿ, ತುಂಬಿಸಿ, ಮತ್ತೆ ಸಣ್ಣಗೆ ಮಾಡಿದರೆ ಅದೇ ಸ್ವರ ಹುಟ್ಟಿ, ಬೆಳೆದು, ಆರುತ್ತದೆ. ಸ್ವರ ಬಾಗಲಿಲ್ಲ ನಿಜ, ಆದರೆ ಉಸಿರಾಡಿತು. ಕೇಳುವವನ ಎದೆ ಗುರುತಿಸುವುದು ಅದನ್ನೇ.

ಪಿಯಾನೋ ಎಂಬ ವಾದ್ಯಕ್ಕೆ ಈ ಭಾಗ್ಯವೂ ಇಲ್ಲ. ಅಲ್ಲಿ ಸುತ್ತಿಗೆ ತಂತಿಗೆ ಬಡಿದ ಕೂಡಲೇ ಸ್ವರ ಸಾಯಲು ಶುರುವಾಗುತ್ತದೆ. ಬಡಿದ ಮೇಲೆ ಅದನ್ನು ದೊಡ್ಡದು ಮಾಡುವ ಉಪಾಯವಿಲ್ಲ. ಸಕಮೊಟೊ ಅವರ ಸೋಲೋ ಪಿಯಾನೋ ಇಷ್ಟು ಕಾಡುವುದು ಆ ಸಾವನ್ನು ಮುಚ್ಚಿಡದೆ, ಅದನ್ನೇ ಕೇಳಿಸುವುದರಿಂದ ಎಂದು ನನಗನ್ನಿಸಿದೆ. ಒಂದು ಸ್ವರ ಬಡಿದು, ಅದು ಆರುವುದನ್ನು ಕಾಯುತ್ತಾರೆ. ಎರಡರ ನಡುವಿನ ಖಾಲಿಗೆ ಜಪಾನಿಯರಲ್ಲಿ ‘ಮಾ’ ಎಂಬ ಮಾತಿದೆ. ಕಟ್ಟಡದಲ್ಲಿ ಕಂಬಗಳ ನಡುವಿನ ಜಾಗಕ್ಕೂ, ಮಾತಿನ ನಡುವಿನ ಮೌನಕ್ಕೂ ಅದೇ ಮಾತು. ‘ಓಪಸ್’ ಚಿತ್ರವನ್ನು ನೋಡಿದವರಿಗೆ ಇದು ತಿಳಿದೀತು. ಕ್ಯಾನ್ಸರಿನಿಂದ ಸೊರಗಿದ್ದ ಅವರು 2022ರಲ್ಲಿ ಒಬ್ಬರೇ ಕೂತು ಇಪ್ಪತ್ತು ರಚನೆ ನುಡಿಸಿದ್ದು ಅದರಲ್ಲಿದೆ. 2023ರ ಮಾರ್ಚಿನಲ್ಲಿ ತೀರಿಕೊಂಡರು. ಆ ಕಪ್ಪುಬಿಳುಪು ಚಿತ್ರದಲ್ಲಿ ಪಿಯಾನೋದ ಜೊತೆಗೆ ಅವರ ಉಸಿರೂ ಕೇಳುತ್ತದೆ. ಪೇಟಿಯಲ್ಲಿ ಉಸಿರು ವಾದ್ಯದೊಳಗಿದೆ. ಪಿಯಾನೋದಲ್ಲಿ ಅದು ಹೊರಗೆ ಕೂತವರ ಮೈಯಲ್ಲಿದೆ. ಅಷ್ಟೇ ವ್ಯತ್ಯಾಸ.

ಅವರ ಬದುಕಿನ ಮೇಲಿನ ‘ಕೋಡಾ’ (2017) ಎಂಬ ಸಾಕ್ಷ್ಯಚಿತ್ರದಲ್ಲಿ ಇನ್ನೆರಡು ಸಂಗತಿ ಸಿಕ್ಕವು. 2011ರ ಸುನಾಮಿಯಲ್ಲಿ ಮುಳುಗಿ, ಶ್ರುತಿ ಕೆಟ್ಟ ಒಂದು ಶಾಲೆಯ ಪಿಯಾನೋವನ್ನು ಅವರು ಹೋಗಿ ನುಡಿಸಿ ನೋಡುತ್ತಾರೆ. ಮೊದಲು ಅದು ಹೆಣದಂತೆ ಕಂಡಿತಂತೆ. ಆಮೇಲೆ, ಮನುಷ್ಯ ಬಲವಂತದಿಂದ ಹಿಡಿದಿಟ್ಟಿದ್ದ ಶ್ರುತಿಯನ್ನು ನಿಸರ್ಗ ತನ್ನ ಶ್ರುತಿಗೆ ಮರಳಿಸಿದೆ ಎಂದು ಅನ್ನಿಸಿತಂತೆ. ಹನ್ನೆರಡು ಸಮಪಾಲಿನ ಬಗ್ಗೆ ಫೌಲ್ಡ್ಸ್ ಪೇಟಿಯ ಮೇಲೆ ಹೊರಿಸಿದ ಆರೋಪವನ್ನು ಎಪ್ಪತ್ತು ವರ್ಷಗಳ ಮೇಲೆ ಒಬ್ಬ ಪಿಯಾನೋ ವಾದಕ ಪಿಯಾನೋದ ಮೇಲೇ ಹೊರಿಸಿದಂತಾಯಿತು. ಆದರೆ ಅವರು ವಾದ್ಯವನ್ನು ಹೊರಹಾಕಲಿಲ್ಲ. ಆ ಕೆಟ್ಟ ಪಿಯಾನೋದ ದನಿಯನ್ನೇ ತಮ್ಮ ‘ಅಸಿಂಕ್’ ಆಲ್ಬಮ್ಮಿಗೆ ತಂದರು. ಇನ್ನೊಂದು ಸಂಗತಿ: ಪಿಯಾನೋದ ಸ್ವರ ಆರಿಹೋಗುತ್ತದೆ, ಆರದ ನಾದವೊಂದು ತನಗೆ ಬೇಕು ಎಂಬ ಹಂಬಲ ಅವರಿಗಿತ್ತು. ಅದನ್ನು ಕೇಳಿದಾಗ ನನ್ನ ಕಣ್ಣು ತಾನಾಗಿ ಮೂಲೆಯ ಪೇಟಿಯ ಕಡೆ ಹೋಯಿತು. ಎಡಗೈ ಆಡುವವರೆಗೂ ಆರದ ನಾದ ನಮ್ಮ ಮನೆಯಲ್ಲೇ ಕೂತಿತ್ತು, ಮೇಲೆ ಇಸ್ತ್ರಿ ಬಟ್ಟೆ ಹೇರಿಸಿಕೊಂಡು.

ನಿಷೇಧ ಮುಗಿದ ಬಗೆಯನ್ನೂ ಹೇಳಿಬಿಡುತ್ತೇನೆ. 1970ರಲ್ಲಿ ಆಕಾಶವಾಣಿ ಇದೇ ದೆಹಲಿಯಲ್ಲಿ ಹಾರ್ಮೋನಿಯಂ ಬಗ್ಗೆಯೇ ವಿಚಾರಸಂಕಿರಣ ಮಾಡಿತು. ಪರ, ವಿರೋಧ ಎರಡೂ ಕಡೆ ವಿದ್ವಾಂಸರು ಕೂತು ವಾದಿಸಿದರು. 1971ರಲ್ಲಿ ಬಾಗಿಲು ಅರ್ಧ ತೆರೆಯಿತು: ಮೇಲಿನ ಶ್ರೇಣಿಯ ಕಲಾವಿದರಿಗೆ ಸಾಥ್ ಕೊಡಬಹುದು, ಸ್ವತಂತ್ರವಾಗಿ ನುಡಿಸುವಂತಿಲ್ಲ. ಹಾಡುವವರ ಹಿಂದೆ ನಡೆಯಬಹುದು, ತಾನೇ ಹಾಡುವಂತಿಲ್ಲ. ಆ ಅರ್ಧ ಬಾಗಿಲು ಬಹುಕಾಲ ಹಾಗೆಯೇ ಉಳಿಯಿತು.

ವಿಚಿತ್ರವೆಂದರೆ, ದೆಹಲಿಯ ಊರು ಈ ಆಜ್ಞೆಯನ್ನು ಎಂದೂ ಕೇಳಲಿಲ್ಲ. ಸಂಸತ್ ಮಾರ್ಗದ ಆಕಾಶವಾಣಿ ಭವನದಿಂದ ಸ್ವಲ್ಪ ಹೊತ್ತು ನಡೆದರೆ ಬಂಗ್ಲಾ ಸಾಹಿಬ್. ಅಲ್ಲಿ ನಸುಕಿನಿಂದ ಕೀರ್ತನೆ, ಕೀರ್ತನೆಯ ಜೊತೆ ಪೇಟಿ. ಗುರುವಾರ ಸಂಜೆ ನಿಜಾಮುದ್ದೀನ್ ದರ್ಗಾದಲ್ಲಿ ಕವ್ವಾಲಿ, ಅಲ್ಲೂ ಪೇಟಿ. ಆರ್.ಕೆ. ಪುರಂನ ನಮ್ಮ ಕರ್ನಾಟಕ ಸಂಘದಲ್ಲಿ ಭಾವಗೀತೆ ಎಂದರೆ ಅಲ್ಲೂ ಪೇಟಿ. ಆದರೂ ಮೊಕದ್ದಮೆ ಪೂರ್ತಿ ಮುಗಿದಿಲ್ಲ. 2022ರಲ್ಲಿ ಅಕಾಲ್ ತಖ್ತ್, ಅಮೃತಸರದ ಸ್ವರ್ಣಮಂದಿರದ ಕೀರ್ತನೆಯಿಂದ ಹಾರ್ಮೋನಿಯಮ್ಮನ್ನು ಹಂತಹಂತವಾಗಿ ತೆಗೆದು ತಂತಿವಾದ್ಯಗಳನ್ನು ಮರಳಿ ತರಬೇಕೆಂದು ಹೇಳಿತು. ಪರದೇಶದಿಂದ ಬಂದದ್ದು ಎಂಬುದು ಅಲ್ಲೂ ಒಂದು ಮಾತು. ಒಂದೂವರೆ ಶತಮಾನ ಒಂದು ಊರಲ್ಲಿದ್ದರೂ ‘ಎಲ್ಲಿಯವರು ನೀವು?’ ಎಂದು ಕೇಳಿಸಿಕೊಳ್ಳುವ ಸಂಕಟ, ಇಪ್ಪತ್ತು ವರ್ಷದಿಂದ ಇಲ್ಲಿರುವ ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಳೆದ ವಾರ ಪೇಟಿಯನ್ನು ಹಳೇ ದೆಹಲಿಗೆ ಒಯ್ದೆ. ಇಲ್ಲಿನ ಒಣಬಿಸಿಲಿಗೆ ತಿದಿಯ ಚರ್ಮ ಸೀಳಿತ್ತು, ಮೂರು ಸ್ವರ ಮೂಕವಾಗಿದ್ದವು. ರಿಪೇರಿಯ ಮುದುಕ ರೀಡೊಂದನ್ನು ಕಿತ್ತು ಬೆಳಕಿಗೆ ಹಿಡಿದು, ಇದನ್ನು ಯಾರೋ ಕೈಯಿಂದ ಕೆರೆದಿದ್ದಾರೆ, ಗಾಂಧಾರ ಬೇರೆ ಥರ ಇದೆ, ಮಾಮೂಲಿ ಶ್ರುತಿಗೆ ತರಲೇ ಎಂದು ಹಿಂದಿಯಲ್ಲಿ ಕೇಳಿದ. ಬೇಡ, ಅದನ್ನು ಹಾಗೇ ಬಿಡಿ ಎಂದೆ.

ಮನೆಗೆ ತಂದಿಟ್ಟ ರಾತ್ರಿ ಮಗಳು ಅದರ ಮುಂದೆ ಕೂತಳು. ಪಿಯಾನೋದ ಅಭ್ಯಾಸಕ್ಕೆ ಎರಡೂ ಕೈ ಪಟ್ಟಿಗಳ ಮೇಲಿಟ್ಟಳು. ಸದ್ದೇ ಇಲ್ಲ. ನಾನು ಅವಳ ಎಡಗೈ ಹಿಡಿದು ಹಿಂದೆ ತಿದಿಯ ಮೇಲಿಟ್ಟೆ. ಆ ಜಪಾನೀ ರಚನೆಯ ಬಲಗೈಯ ಭಾಗವನ್ನಷ್ಟೇ ನುಡಿಸಿದಳು, ತಡವರಿಸುತ್ತ. ಮೊದಲು ಪೇಟಿ ಕಿರುಚಿತು. ಅಜ್ಜ ಹೇಳಿದ್ದನ್ನು ಹೇಳಿಕೊಟ್ಟೆ, ಅವನ ಮಾತಿನಲ್ಲೇ. ಗಾಳಿ ಸಣ್ಣಗಾಯಿತು. ಒಂದು ಸ್ವರದ ಮೇಲೆ ನಿಂತು, ಅದು ತುಂಬಿ ಬರುವುದನ್ನು ಕೇಳಿ, ಅವಳೇ ಬೆರಗಾಗಿ ತಲೆಯೆತ್ತಿದಳು: “ಅಪ್ಪಾ, ಇದು ನಿಲ್ಲೋದೇ ಇಲ್ಲ!”

ಹೆಂಡತಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದಳು. ಆಮೇಲೆ ಅಳತೆ ಟೇಪು ತೆಗೆದುಕೊಂಡು ಪೇಟಿಯ ಉದ್ದ ಅಗಲ ಇನ್ನೊಮ್ಮೆ ನೋಡಿ, ಮಂಚದ ಕೆಳಗೆ ಹಿಡೀತೈತಿ ಬಿಡು ಎಂದಳು.